ಆಟೋಇಮ್ಯೂನ್ ರಿಸರ್ಚ್ ದುಡ್ಡು: ಒಂದೊಂದು ಕಾಯಿಲೆಗಾ, ಎಲ್ಲಕ್ಕೂ ಸೇರ್ಸಿನಾ?

ದೇಹದ ರಕ್ಷಣಾ ವ್ಯವಸ್ಥೆ ತನ್ನ ದೇಹದ ಮೇಲೇ ದಾಳಿ ಮಾಡೋ ಕಾಯಿಲೆಗಳಿಗೆ ಆಟೋಇಮ್ಯೂನ್ ಅಂತಾರೆ. ಇವುಗಳ ಪೇಷೆಂಟ್ ಗ್ರೂಪ್‌ಗಳವರು ಯಾವ್ದಕ್ಕೆ ಒತ್ತಾಯ ಮಾಡ್ಬೇಕು ಅಂತ ಯೋಚಿಸ್ತಿದ್ರೆ ಅಮೆರಿಕ ಸರ್ಕಾರದ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್ ಕಡೆ ನೋಡಿ, ಎರಡೂ ದಾರಿ ಅಲ್ಲಿದೆ.

ಮೊದಲ್ನೇದು, ಒಂದೇ ಕಾಯಿಲೆಗೆ ಫಂಡ್. ಟೈಪ್ 1 ಡಯಾಬಿಟಿಸ್‌ಗೆ ಅಂತಾನೇ 1997ರಲ್ಲಿ ಅಲ್ಲಿನ ಸಂಸತ್ತು ಬೇರೆ ದುಡ್ಡು ಎತ್ತಿಟ್ತು, ಅದ್ರ ಬಲದಿಂದ ಟ್ರಯಲ್‌ನೆಟ್ ಅನ್ನೋ ಸಂಶೋಧನಾ ಜಾಲದವರು ಪೇಷೆಂಟ್‌ಗಳ ಅಣ್ಣತಮ್ಮ, ಅಕ್ಕತಂಗಿ, ಮಕ್ಕಳ ರಕ್ತ ತಗೊಂಡು ಶುಗರ್ ಏರೋಕ್ಕೆ ಮುಂಚೇನೇ ಕಾಯಿಲೆ ಶುರುವಾಗ್ತಿರೋ ಗುರುತಾದ ಆಂಟಿಬಾಡಿ ಇದ್ಯಾ ಅಂತ ಹುಡುಕಿದ್ರು, ಹಂಗೆ ಸಿಕ್ಕವರಲ್ಲಿ ಕಾಯಿಲೆ ಹತ್ತಿರ ಬಂದಿದ್ದವರಿಗೆ 14 ದಿನ ಟೆಪ್ಲಿಜುಮ್ಯಾಬ್ ಅನ್ನೋ ಔಷಧಿ ಡ್ರಿಪ್ ಕೊಟ್ರೆ ಕಾಯಿಲೆ ಸುಮಾರು 2 ವರ್ಷ ಮುಂದಕ್ಕೆ ಹೋಗುತ್ತೆ ಅಂತ ಗೊತ್ತಾಯ್ತು. 2022ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆನೂ ಸಿಕ್ತು. ಒಂದು ಮಗುಗೆ 2 ವರ್ಷ ಇನ್ಸುಲಿನ್ ಇಲ್ದೆ ಅಂದ್ರೆ ಸಣ್ಣ ಮಾತಲ್ಲ! ಆದ್ರೆ ದನಿ ಎತ್ತೋರಿಲ್ಲದ ಅಪರೂಪದ ಕಾಯಿಲೆಗಳಿಗೆ ಇಂಥ ಫಂಡ್ ಯಾರು ಕೊಡಿಸ್ತಾರೆ?

ಎರಡ್ನೇದು, ಒಟ್ಟಿಗೆ ಪ್ಲಾನ್. ಚರ್ಮ, ಕೀಲು, ಕಿಡ್ನಿ ಕಾಡೋ ಲೂಪಸ್ ಒಂದು ಕಡೆ, ನರಗಳನ್ನ ಕಾಡೋ ಎಂಎಸ್ (ಮಲ್ಟಿಪಲ್ ಸ್ಕ್ಲೆರೋಸಿಸ್) ಇನ್ನೊಂದು ಕಡೆ ಅಂತ ಎನ್‌ಐಎಚ್ ಒಳಗೆ ಕೆಲ್ಸ ಹಂಚಿಹೋಗಿದೆ, ಎಲ್ಲಕ್ಕೂ ಸೇರಿ ಒಂದು ಸ್ಟ್ರಾಟಜಿ ಇಲ್ಲ ಅಂತ 2022ರಲ್ಲಿ ಅಮೆರಿಕದ ವಿಜ್ಞಾನ ಸಲಹಾ ಸಂಸ್ಥೆ ನ್ಯಾಷನಲ್ ಅಕಾಡೆಮೀಸ್ ವರದಿ ಹೇಳ್ತು, 2023ರಲ್ಲಿ ಎನ್‌ಐಎಚ್‌ನ ಮಹಿಳಾ ಆರೋಗ್ಯ ಸಂಶೋಧನಾ ಕಚೇರಿಯೊಳಗೆ ಆಟೋಇಮ್ಯೂನ್ ರಿಸರ್ಚ್‌ಗೆ ಅಂತಾನೇ ಒಂದು ಆಫೀಸ್ ಬಂತು. ಆಟೋಇಮ್ಯೂನ್ ಥೈರಾಯ್ಡ್ ಜೊತೆ ಕಣ್ಣು-ಬಾಯಿ ಒಣಗಿಸೋ ಶೋಗ್ರೆನ್ಸೂ ಇರೋರಿಗೆ ಇದೇ ಬೇಕಿರೋದು. ಜರ್ಮನಿಯ ಎರ್ಲಾಂಗೆನ್‌ನಲ್ಲಿ ಒಂದೇ ಕಾರ್-ಟಿ ಚಿಕಿತ್ಸೆ (ಪೇಷೆಂಟ್‌ದೇ ರಕ್ಷಣಾ ಕೋಶಗಳನ್ನ ಲ್ಯಾಬ್‌ನಲ್ಲಿ ಬದಲಾಯಿಸಿ ವಾಪಸ್ ಕೊಡೋದು) ಲೂಪಸ್, ಸ್ನಾಯುಗಳ ಕಾಯಿಲೆ ಮಯೋಸೈಟಿಸ್, ಚರ್ಮ ಗಟ್ಟಿಯಾಗೋ ಸಿಸ್ಟಮಿಕ್ ಸ್ಕ್ಲೆರೋಸಿಸ್ ಮೂರಕ್ಕೂ ಕೊಟ್ಟು ನೋಡಿದಾರೆ.

ನನ್ನ ಓಟು ಎರಡ್ನೇದಕ್ಕೆ. ಆದ್ರೆ ಬರೀ ಆಫೀಸ್ ಕೇಳ್ಬೇಡಿ, ಅದ್ರ ಕೈಗೆ ಸ್ವಂತ ಬಜೆಟ್ ಕೊಡಿ ಅಂತ ಕೇಳಿ, ಮತ್ತೆ ಡಯಾಬಿಟಿಸ್ ಫಂಡ್ ಕಿತ್ಕೊಂಡು ಅಲ್ಲ.