ಚೀಟಿಯಲ್ಲಿ ಕಾಂತಲ್, ರೀಲಿನಲ್ಲಿ ಜಿಐ ತಂತಿ

ರಾತ್ರಿ ಹನ್ನೊಂದರ ಹೊತ್ತಿಗೆ ಹಲ್ಲು ಕಟಕಟ ಅನ್ನೋಕೆ ಶುರುವಾಯಿತು. ಎರಡು ಕಂಬಳಿ ಹೊದ್ದರೂ ಚಳಿ ಬಿಡಲಿಲ್ಲ. ಬಾಯಲ್ಲಿ ಹಳೇ ನಾಣ್ಯ ಚೀಪಿದ ಹಾಗೆ ರುಚಿ. ಎದೆ ಬಿಗಿ, ಒಣ ಕೆಮ್ಮು. ಫ್ಲೂ ಇರಬೇಕು ಅಂತ ಜ್ವರದ ಮಾತ್ರೆ ನುಂಗಿ ಮಲಗಿದೆ. ಸಂಜೆ ನನ್ನ ಇ-ಸಿಗರೇಟಿಗೆ ಸುತ್ತಿದ ಕಾಯಿಲ್‌ಗೂ (ಜ್ಯೂಸ್, ಅಂದರೆ ಸೇದುವ ದ್ರವವನ್ನು ಕಾಯಿಸಿ ಆವಿ ಮಾಡುವ ತಂತಿ ಸುರುಳಿ) ಇದಕ್ಕೂ ನಂಟಿದೆ ಅಂತ ಆಗ ತಲೆಗೆ ಹೊಳೆಯಲೇ ಇಲ್ಲ.

ವೇಪಿಂಗ್, ಅಂದರೆ ಇ-ಸಿಗರೇಟ್ ಸೇದೋದು, ಒಳ್ಳೆಯದಾ ಕೆಟ್ಟದಾ ಅನ್ನೋ ವಾದಕ್ಕೆ ನಾನು ಬಂದಿಲ್ಲ. ಸೇದದೇ ಇರುವವರು ಇದನ್ನು ಓದಿ ಶುರು ಮಾಡೋದೂ ಬೇಡ. ಕೈಯಾರೆ ಕಾಯಿಲ್ ಸುತ್ತಿ ಆರ್‌ಡಿಎ, ಆರ್‌ಟಿಎ (ಕಾಯಿಲನ್ನು ನಾವೇ ಕೂರಿಸುವ ಅಟೊಮೈಜರ್‌ಗಳು, ಅಂದರೆ ಆವಿ ಮಾಡುವ ಭಾಗ) ಬಳಸುವವರಿಗೆ ಮಾತ್ರ ಈ ಬರಹ. ಅದರಲ್ಲೂ ‘ನನಗೆಲ್ಲ ಗೊತ್ತು’ ಅಂದುಕೊಂಡವರಿಗೆ. ನಾಲ್ಕು ವರ್ಷದಿಂದ ಸುತ್ತುತ್ತಿರುವ ನಾನೂ ಹಾಗೇ ಅಂದುಕೊಂಡಿದ್ದೆ.

ನಡೆದದ್ದು ಇಷ್ಟು. ಮಾಮೂಲಿ ಬಳಸುತ್ತಿದ್ದ ರೀಲ್ ಮುಗಿದಿತ್ತು. ಆನ್‌ಲೈನ್‌ನಲ್ಲಿ ಹುಡುಕುವಾಗ ಗೊತ್ತಿಲ್ಲದ ಒಬ್ಬ ಮಾರಾಟಗಾರ ಸಿಕ್ಕಿದ. 30 ಮೀಟರ್ ರೀಲ್, ಚೀಟಿಯ ಮೇಲೆ ‘ಕಾಂತಲ್ ಎ1, 26 ಗೇಜ್’. ಕಾಂತಲ್ ಅಂದರೆ ಕಾಯಿಲ್‌ಗೆ ಬಳಸುವ ಮಿಶ್ರಲೋಹದ ತಂತಿ, ಗೇಜ್ ಅಂದರೆ ತಂತಿಯ ದಪ್ಪದ ಅಳತೆ. ಬೆಲೆ ಬೇರೆಯವರದಕ್ಕಿಂತ ಅರ್ಧಕ್ಕೂ ಕಡಿಮೆ. ಮನೆಗೆ ಬಂದ ರೀಲಿನಲ್ಲಿ ತಯಾರಕರ ಹೆಸರಿಲ್ಲ, ಬ್ಯಾಚ್ ನಂಬರ್ ಇಲ್ಲ, ಓಮ್ (ತಂತಿಯ ವಿದ್ಯುತ್ ರೋಧ) ಪ್ರತಿ ಮೀಟರಿಗೆ ಎಷ್ಟು ಅನ್ನೋ ಅಂಕಿಯೂ ಇಲ್ಲ. ಸುಮ್ನೆ ಒಂದು ಪ್ರಿಂಟ್ ಹೊಡೆದ ಚೀಟಿ. ಅಲ್ಲೇ ನಿಲ್ಲಬೇಕಿತ್ತು. ನಿಲ್ಲಲಿಲ್ಲ.

ತಂತಿ ಹೇಳೋದನ್ನೆಲ್ಲ ಹೇಳಿತ್ತು. ನಾನೇ ಕಿವಿ ಕೊಡಲಿಲ್ಲ.

ಕಾಂತಲ್‌ಗೆ ಒಂದು ಹಠ ಇರುತ್ತದೆ. ಬಗ್ಗಿಸಿ ಬಿಟ್ಟರೆ ಸ್ಪ್ರಿಂಗಿನ ಹಾಗೆ ಸ್ವಲ್ಪ ವಾಪಸ್ ಬರುತ್ತದೆ. 3 ಮಿಲಿಮೀಟರ್ ಕಡ್ಡಿಗೆ ಸುತ್ತಿದರೂ ಕೊನೆಯ ಸುತ್ತು ಒಂಚೂರು ಬಿಚ್ಚಿಕೊಳ್ಳುತ್ತದೆ. ಇದು ಹಾಗಿರಲಿಲ್ಲ. ಎತ್ತ ಬಗ್ಗಿಸಿದರೆ ಅತ್ತ ಬಗ್ಗಿ ಕೂತಿತು. ಬೇಲಿಗೆ ಕಟ್ಟುವ ತಂತಿಯ ಥರ. ನಾನೋ, ‘ಅರೆ, ಅನೀಲ್ ಮಾಡಿದ, ಕಾಯಿಸಿ ಮೆದು ಮಾಡಿದ ಮಾಲು, ಸುತ್ತೋಕೆ ಎಷ್ಟು ಸಲೀಸು!’ ಅಂತ ಖುಷಿಪಟ್ಟೆ. ಬಣ್ಣವೂ ಬೇರೆ, ನೀಲಿ ಬೆರೆತ ಬೆಳ್ಳಿ ಹೊಳಪು. ಬೆರಳಿಗೆ ತೆಳು ಬೂದು ಮಸಿ ಅಂಟಿತು. ತಂತಿ ಎಳೆಯುವಾಗ ಹಚ್ಚುವ ಎಣ್ಣೆ ಇರಬೇಕು ಅಂತ ಒರೆಸಿ ಮುಂದೆ ಹೋದೆ.

ಅನುಮಾನವೇ ಬರಲಿಲ್ಲ ಅಂತಲ್ಲ. ಒಂದು ಪರೀಕ್ಷೆ ಮಾಡಿದೆ. ಮ್ಯಾಗ್ನೆಟ್ ಹಿಡಿದೆ. ಟಕ್ಕನೆ ಅಂಟಿತು. ಕಾಂತಲ್ ಅಂದರೆ ಕಬ್ಬಿಣ, ಕ್ರೋಮಿಯಂ, ಅಲ್ಯೂಮಿನಿಯಂ ಸೇರಿದ ಮಿಶ್ರಲೋಹ. ಅದು ಮ್ಯಾಗ್ನೆಟ್‌ಗೆ ಅಂಟುತ್ತದೆ. ಕಾಯಿಲ್‌ಗೆ ಬಳಸುವ ಇನ್ನೊಂದು ತಂತಿ, ನಿಕ್ಕಲ್-ಕ್ರೋಮಿಯಂ ಸೇರಿದ ನೈಕ್ರೋಮ್, ಅಂಟೋದಿಲ್ಲ. ಹಾಗಾಗಿ ‘ಅಸಲಿ ಕಾಂತಲ್’ ಅಂತ ನಾನೇ ಸರ್ಟಿಫಿಕೇಟ್ ಕೊಟ್ಟುಬಿಟ್ಟೆ. ಮಾಮೂಲಿ ಕಬ್ಬಿಣದ ತಂತಿಯೂ ಅಂಟುತ್ತದೆ, ಅಲ್ವಾ? ಶುದ್ಧ ನಿಕ್ಕಲ್ ಕೂಡ ಅಂಟುತ್ತದೆ. ಮ್ಯಾಗ್ನೆಟ್ಟು ‘ಇದು ನೈಕ್ರೋಮ್ ಅಲ್ಲ’ ಅಂತ ಹೇಳಬಲ್ಲದು. ‘ಇದು ಕಾಂತಲ್’ ಅಂತ ಹೇಳಲಾರದು. ಈ ವ್ಯತ್ಯಾಸ ನನಗೆ ಅರ್ಥವಾಗಿದ್ದು ಆಸ್ಪತ್ರೆಯಿಂದ ವಾಪಸ್ ಬಂದ ಮೇಲೆ.

ಏಳು ಸುತ್ತಿನ ಕಾಯಿಲ್ ಹಾಕಿ ಮಾಡ್ (ಬ್ಯಾಟರಿ, ಬಟನ್ ಇರುವ ಭಾಗ) ಆನ್ ಮಾಡಿದೆ. ಶಾರ್ಟ್ ಅಂತ ತೋರಿಸಿತು. 26 ಗೇಜ್ ಕಾಂತಲ್‌ನಲ್ಲಿ 3 ಮಿಲಿಮೀಟರ್ ಅಗಲದ ಏಳು ಸುತ್ತಿಗೆ ಕಾಲುಗಳೂ (ಕಾಯಿಲಿನ ಎರಡು ತುದಿ) ಸೇರಿ ಹೆಚ್ಚುಕಡಿಮೆ 1 ಓಮ್ ಬರಬೇಕು. ಕಾಲು ಎಲ್ಲೋ ಡೆಕ್‌ಗೆ (ಕಾಯಿಲ್ ಕೂರಿಸುವ ಜಾಗ) ತಾಗುತ್ತಿದೆ ಅಂದುಕೊಂಡು ಬಿಚ್ಚಿದೆ, ಮತ್ತೆ ಹಾಕಿದೆ. ಮತ್ತೆ ಶಾರ್ಟ್. ಸ್ಕ್ರೂ ಬಿಗಿ ಮಾಡಿದೆ, ಅಟೊಮೈಜರನ್ನು ಮಾಡ್‌ಗೆ ಜೋಡಿಸುವ 510 ಪಿನ್ ಒರೆಸಿದೆ, ಅಟೊಮೈಜರ್ ಹಳೇದಾಯ್ತು ಅಂತ ಬೈದೆ. ಆಮೇಲೆ ಮಾಡಿದ ಕೆಲಸ ನೆನೆದರೆ ಈಗಲೂ ನಾಚಿಕೆ. ಓಮ್ ಕಡಿಮೆ ತೋರಿಸುತ್ತಿದೆ, ಸುತ್ತು ಜಾಸ್ತಿ ಮಾಡಿದರಾಯಿತು ಅಂತ ಹನ್ನೆರಡು ಸುತ್ತು ಹಾಕಿದೆ. 0.16 ಓಮ್ ಬಂತು. ಮಾಡ್ ಒಪ್ಪಿಕೊಂಡಿತು. 40 ವಾಟ್‌ಗೆ ಇಟ್ಟು ಒತ್ತಿದೆ.

ಮೊದಲ ಸಲ ಬಿಸಿ ಮಾಡುವಾಗ ಒಂಚೂರು ಹೊಗೆ ಬರೋದು ಮಾಮೂಲು, ಎಣ್ಣೆ ಅಂಶ ಸುಡುತ್ತದೆ. ಇಲ್ಲಿ ಬಂದದ್ದು ಬಿಳಿ, ದಟ್ಟ, ಎಳೆ ಎಳೆಯಾದ ಹೊಗೆ. ನಿಂತೇ ಹೋಗಲಿಲ್ಲ. ಕಾಯಿಲ್ ಕೆಂಪಾದ ಜಾಗದಲ್ಲಿ ಹಳದಿ ಪುಡಿ ಕೂತ ಹಾಗೆ ಕಂಡಿತು. ಬಟನ್ ಬಿಟ್ಟು ತಣ್ಣಗಾದ ಮೇಲೆ ನೋಡಿದರೆ ಅದೇ ಪುಡಿ ಬೆಳ್ಳಗೆ. ಮತ್ತೆ ಒತ್ತಿದರೆ ಹಳದಿ, ಬಿಟ್ಟರೆ ಬಿಳಿ. ಇದೇನು ಮಾಯೆ ಅಂತ ಮುಖ ಹತ್ತಿರ ತಂದು ನಾಲ್ಕೈದು ಸಲ ಮಾಡಿ ನೋಡಿದೆ. ಮೂಗಿಗೂ ಹೊಗೆಗೂ ಒಂದು ಗೇಣೂ ಇರಲಿಲ್ಲ. ಅದು ಸತುವಿನ ಆಕ್ಸೈಡ್. ಬಿಸಿ ಇದ್ದಾಗ ಹಳದಿ, ತಣ್ಣಗಾದರೆ ಬಿಳಿ. ಬೇರೆ ಯಾವ ಪುರಾವೆಯೂ ಬೇಕಿರಲಿಲ್ಲ.

ಇನ್ನೊಂದು ಸುಳಿವೂ ಇತ್ತು. ಬಟನ್ ಬಿಟ್ಟ ತಕ್ಷಣ ಮಾಡ್ 0.3 ಓಮ್‌ಗಿಂತ ಜಾಸ್ತಿ ತೋರಿಸಿ, ನಿಧಾನಕ್ಕೆ 0.16ಕ್ಕೆ ಇಳಿಯುತ್ತಿತ್ತು. ಕಾಂತಲ್ ಹಾಗೆ ಮಾಡೋದಿಲ್ಲ. 1000 ಡಿಗ್ರಿಗೆ ಕಾದರೂ ಅದರ ಓಮ್ ಏರೋದು ಶೇಕಡ 4ರಷ್ಟು ಮಾತ್ರ. ಕಬ್ಬಿಣ, ನಿಕ್ಕಲ್, ಟೈಟಾನಿಯಂ ಕಾದಾಗ ಚೆನ್ನಾಗಿಯೇ ಏರುತ್ತವೆ. ಇದನ್ನೆಲ್ಲ ನೋಡಿಯೂ ಹತ್ತಿ ಹಾಕಿ, ಜ್ಯೂಸ್ ಬಿಟ್ಟು, ಹತ್ತು ಹದಿನೈದು ಸಲ ಎಳೆದೆ. ರುಚಿ ಸರಿಯಿಲ್ಲ ಅನ್ನಿಸಿ, ಜ್ಯೂಸನ್ನು ಬೈದು ಪಕ್ಕಕ್ಕಿಟ್ಟೆ.

ಮರುದಿನ ಜ್ವರ ಇಳಿದಿತ್ತು, ಎದೆ ಬಿಗಿ ಮಾತ್ರ ಉಳಿದಿತ್ತು. ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ ಏನು ಗೊತ್ತಾ? ‘ನಿನ್ನೆ ವೆಲ್ಡಿಂಗ್ ಏನಾದರೂ ಮಾಡಿದ್ರಾ?’ ಇಲ್ಲ ಅಂದೆ. ಆಮೇಲೆ ತಂತಿ, ಬಿಳಿ ಹೊಗೆ, ಬಾಯಿ ರುಚಿ ಎಲ್ಲ ಹೇಳಿದೆ. ಸತುವಿನ ಹೊಗೆ ಒಳಗೆ ಹೋದಾಗ ಬರುವ ಜ್ವರದ ಹಾಗೇ ಇದೆ ಅಂದರು. ಮೆಟಲ್ ಫ್ಯೂಮ್ ಫೀವರ್ ಅಂತ ಅದರ ಹೆಸರು. ಜಿಐ (ಸತು ಲೇಪಿಸಿದ ಕಬ್ಬಿಣ) ಪೈಪ್ ವೆಲ್ಡ್ ಮಾಡುವವರಿಗೆ, ಹಿತ್ತಾಳೆ ಕರಗಿಸುವವರಿಗೆ ಇದು ಹಳೇ ಪರಿಚಯ. ಹೊಗೆ ಕುಡಿದು ಕೆಲವು ಗಂಟೆ ಏನೂ ಆಗೋದಿಲ್ಲ. ಆಮೇಲೆ ಚಳಿ, ಜ್ವರ, ಮೈಕೈ ನೋವು. ಒಂದೆರಡು ದಿನದಲ್ಲಿ ತಾನೇ ಇಳಿಯುತ್ತದೆ. ವಾರವಿಡೀ ಕೆಲಸ ಮಾಡುವವರ ಮೈ ಅದಕ್ಕೆ ಒಗ್ಗಿಕೊಂಡು, ರಜೆ ಮುಗಿಸಿ ಬಂದ ದಿನ ಮತ್ತೆ ಬಡಿಯುತ್ತದಂತೆ. ಅದಕ್ಕೇ ಸೋಮವಾರದ ಜ್ವರ ಅಂತಲೂ ಕರೆಯುತ್ತಾರೆ.

ಎದೆಯ ಎಕ್ಸ್‌ರೇ ತೆಗೆಸಿ ಅಂದರು. ಯಾಕೆ ಅಂತ ಕೇಳಿದ್ದಕ್ಕೆ ಅವರು ಹೇಳಿದ ಮಾತು ಕೇಳಿ ಕೈಕಾಲು ತಣ್ಣಗಾಯಿತು. ಕೆಲವು ಲೋಹದ ಸಾಮಾನಿಗೆ ಸತುವಿನ ಬದಲು ಕ್ಯಾಡ್ಮಿಯಂ ಲೇಪ ಇರುತ್ತದೆ. ಅದರ ಹೊಗೆಯೂ ಮೊದಲು ಹೀಗೇ ಚಳಿಜ್ವರ ತರುತ್ತದೆ, ಆಮೇಲೆ ಶ್ವಾಸಕೋಶಕ್ಕೆ ಇಳಿದು ಜೀವ ತೆಗೆಯಬಹುದು. ಶುರುವಿನಲ್ಲಿ ಎರಡನ್ನೂ ಬೇರ್ಪಡಿಸೋದು ಕಷ್ಟ. ನನ್ನ ಎಕ್ಸ್‌ರೇ ಸರಿಯಾಗಿಯೇ ಬಂತು. ನಿಮಗೆ ಇಂಥದ್ದೇನಾದರೂ ಆದರೆ ಮನೆಯಲ್ಲಿ ಮಲಗಿ ನೋಡೋಣ ಅನ್ನಬೇಡಿ. ಡಾಕ್ಟರ ಹತ್ತಿರ ಹೋಗಿ, ತಂತಿಯ ತುಂಡನ್ನೂ ಜೊತೆಗೆ ಒಯ್ಯಿರಿ.

ಮನೆಗೆ ಬಂದು, ಮೊದಲೇ ಮಾಡಬೇಕಿದ್ದ ಕೆಲಸ ಮಾಡಿದೆ. ರೀಲಿನಿಂದ ಸರಿಯಾಗಿ 1 ಮೀಟರ್ ಬಿಚ್ಚಿ ಮೇಜಿನ ಮೇಲೆ ನೇರ ಹಾಸಿದೆ. ಮಲ್ಟಿಮೀಟರಿನ ಎರಡು ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿದಾಗ 0.3 ತೋರಿಸಿತು. ಅದು ಮೀಟರಿನ ವಯರಿನದೇ ಲೆಕ್ಕ, ಕಳೆಯಬೇಕು. ತಂತಿಯ ಎರಡು ತುದಿಗೆ ಹಿಡಿದಾಗ 1.4. ಅಂದರೆ ಮೀಟರಿಗೆ 1.1 ಓಮ್. 26 ಗೇಜ್ ಕಾಂತಲ್ ಎ1 ಆಗಿದ್ದರೆ 11ರ ಆಸುಪಾಸು ಬರಬೇಕಿತ್ತು. ಹತ್ತನೇ ಒಂದು ಭಾಗ!

ಇನ್ನೊಂದು ತುಂಡನ್ನು ವಿನೆಗರ್‌ನಲ್ಲಿ ಮುಳುಗಿಸಿಟ್ಟೆ. ಮೈಯೆಲ್ಲ ಸಣ್ಣ ಗುಳ್ಳೆ ಕಟ್ಟಿ, ಹೊಳಪು ಹೋಗಿ ಕಪ್ಪಾಯಿತು. ಮರುದಿನ ತೆಗೆದು ಒದ್ದೆ ಬಟ್ಟೆಯ ಮೇಲಿಟ್ಟೆ. ಸಂಜೆಯ ಹೊತ್ತಿಗೆ ಬಟ್ಟೆಗೆ ಕೆಂಪು ತುಕ್ಕಿನ ಗೆರೆ. ಒಳಗೆ ಮಾಮೂಲಿ ಕಬ್ಬಿಣ, ಮೇಲೆ ಸತು. ಶುದ್ಧ ಜಿಐ ತಂತಿ. ಸತು 420 ಡಿಗ್ರಿಗೆ ಕರಗುತ್ತದೆ, 907 ಡಿಗ್ರಿಗೆ ಕುದಿಯುತ್ತದೆ. ಕಾಯಿಲ್ ಕಿತ್ತಳೆ ಬಣ್ಣಕ್ಕೆ ಬರುವಷ್ಟರಲ್ಲಿ ಆ ಶಾಖ ಬಂದೇ ಬಂದಿರುತ್ತದೆ.

ಆ ಮೊದಲ ಏಳು ಸುತ್ತಿನ ಕಾಯಿಲನ್ನೇ ಮೆಕ್ಯಾನಿಕಲ್ ಮಾಡ್ ಮೇಲೆ ಹಾಕಿದ್ದರೆ? ಅಲ್ಲಿ ‘ಶಾರ್ಟ್’ ಅಂತ ಹೇಳೋಕೆ ಚಿಪ್ಪೇ ಇಲ್ಲ. ತುಂಬಿದ ಬ್ಯಾಟರಿ 4.2 ವೋಲ್ಟ್. 1 ಓಮ್ ಕಾಯಿಲ್ ಅಂದುಕೊಂಡು ಒತ್ತಿದರೆ 4.2 ಆಂಪಿಯರ್ ಲೆಕ್ಕ. ನಿಜಕ್ಕೂ ಅಲ್ಲಿ ಇರೋದು 0.1 ಓಮ್, ಅಂದರೆ 42 ಆಂಪಿಯರ್. ಅಷ್ಟು ಕರೆಂಟನ್ನು ನಿರಂತರವಾಗಿ ಕೊಡೋಕೆ ಮಾಮೂಲಿ 18650 ಬ್ಯಾಟರಿ ಮಾಡಿದ್ದಲ್ಲ. ಜ್ವರದಲ್ಲೇ ಮುಗಿಯುತ್ತಿರಲಿಲ್ಲ ಕತೆ.

ಈಗ ನನ್ನ ಮೇಜಿನ ಮೇಲೆ ಒಂದು ಚೀಟಿ ಅಂಟಿಸಿದ್ದೇನೆ. 26 ಗೇಜ್‌ಗೆ ಮೀಟರಿಗೆ ಎಷ್ಟು ಓಮ್ ಅಂತ: ಕಾಂತಲ್ ಎ1 ಸುಮಾರು 11, ನೈಕ್ರೋಮ್ 80 ಎಂಟೂವರೆ, ಎಸ್‌ಎಸ್316ಎಲ್ (ಸ್ಟೇನ್‌ಲೆಸ್ ಸ್ಟೀಲ್) ಆರಕ್ಕೆ ಸ್ವಲ್ಪ ಕಡಿಮೆ, ಟೈಟಾನಿಯಂ ಮೂರೂವರೆಯ ಹತ್ತಿರ, ನಿಕ್ಕಲ್ 1ಕ್ಕಿಂತ ಕಡಿಮೆ. 28 ಗೇಜ್ ಆದರೆ ಕಾಂತಲ್‌ಗೆ 18, ನೈಕ್ರೋಮ್‌ಗೆ 13, ಸ್ಟೀಲ್‌ಗೆ 9. ಒಂದಿಷ್ಟು ಆಚೀಚೆ ಇರಲಿ, ಪರವಾಗಿಲ್ಲ. ಅರ್ಧ, ಕಾಲು, ಹತ್ತನೇ ಒಂದು ಅಂತ ಬಂದರೆ ಆ ರೀಲ್ ಡೆಕ್ ಹತ್ತಿರವೂ ಬರಬಾರದು. ಅಳೆಯುವಾಗ ಪೂರ್ತಿ ಮೀಟರ್ ತಗೊಳ್ಳಿ. ಬೆರಳುದ್ದ ತುಂಡನ್ನು ಅಳೆದರೆ ಮೀಟರಿನ ತಪ್ಪೇ ತಂತಿಗಿಂತ ದೊಡ್ಡದಾಗುತ್ತದೆ.

ಯಾವ ತಂತಿ ತಗೊಳ್ಳಬೇಕು ಅಂತ ಕೇಳುವವರಿಗೆ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ವಾಟ್ ಮೋಡ್‌ಗೆ (ಇಷ್ಟು ವಾಟ್ ಅಂತ ಇಟ್ಟು ಒತ್ತೋದು) ಕಾಂತಲ್ ಸಾಕು. ಕಾದಾಗ ಅದರ ಮೈಮೇಲೆ ಅಲ್ಯೂಮಿನಿಯಂ ಆಕ್ಸೈಡಿನ ಗಟ್ಟಿ ಪದರ ಕಟ್ಟುತ್ತದೆ, ಅದೇ ಅದಕ್ಕೆ ಕವಚ. ನೈಕ್ರೋಮ್ ಬೇಗ ಕಾಯುತ್ತದೆ, ಆದರೆ ಐದರಲ್ಲಿ ನಾಲ್ಕು ಭಾಗ ನಿಕ್ಕಲ್. ವಾಚಿನ ಪಟ್ಟಿ, ಓಲೆ ಹಾಕಿದರೆ ತುರಿಕೆ ಬರುವವರು ಅದರ ಸಹವಾಸಕ್ಕೆ ಹೋಗಬೇಡಿ. ಎಸ್‌ಎಸ್316ಎಲ್ ವಾಟ್ ಮೋಡಿಗೂ ಬರುತ್ತದೆ, ಟೆಂಪರೇಚರ್ ಕಂಟ್ರೋಲಿಗೂ (ಟಿಸಿ, ಕಾಯಿಲಿನ ಶಾಖಕ್ಕೆ ಮಿತಿ ಇಡುವ ಮೋಡ್) ಬರುತ್ತದೆ. ಅದರಲ್ಲೂ ನಿಕ್ಕಲ್ ಇದೆ, ಕಡಿಮೆ. ಶುದ್ಧ ನಿಕ್ಕಲ್ ತಂತಿ ಟಿಸಿ ಮೋಡಿಗೆ ಮಾತ್ರ. ಟೈಟಾನಿಯಂ ನಾನು ಮನೆಯಲ್ಲೇ ಇಡೋದಿಲ್ಲ. ಕೆಂಪಗೆ ಕಾಯಿಸಿದರೆ ಬಿಳಿ ಪುಡಿ ಏಳುತ್ತದೆ, ಜಾಸ್ತಿ ಆದರೆ ತಂತಿಯೇ ಹೊತ್ತಿಕೊಳ್ಳುತ್ತದೆ. ಹೊತ್ತಿದ ಟೈಟಾನಿಯಂಗೆ ನೀರು ಹಾಕಬಾರದು. ಕಾಯಿಲ್ ಕೆಂಪಗೆ ಕಾಯಿಸಿ ಚಿಮಟದಿಂದ ಹಿಂಡುವ ಅಭ್ಯಾಸ ನಮಗೆಲ್ಲ ಇದೆ. ಚೀಟಿ ಉದುರಿದ ರೀಲ್ ಟೈಟಾನಿಯಂ ಆಗಿದ್ದು, ಅದನ್ನು ಕಾಂತಲ್ ಅಂದುಕೊಂಡು ಹಾಗೆ ಮಾಡೋದು ತೀರಾ ಸುಲಭ.

ಅಸಲಿ ತಂತಿಯೂ ಪೂರ್ತಿ ಸಾಧು ಅಲ್ಲ, ಅದೂ ಗೊತ್ತಿರಲಿ. 2018ರಲ್ಲಿ ಜಾನ್ಸ್ ಹಾಪ್ಕಿನ್ಸ್‌ನ ಸಂಶೋಧಕರು ದಿನಾ ವೇಪ್ ಮಾಡುವ 56 ಜನರ ಸಾಧನಗಳನ್ನು ಪರೀಕ್ಷಿಸಿದ್ದರು. ಬಾಟಲಿಯಲ್ಲಿದ್ದ ಜ್ಯೂಸಿಗಿಂತ, ಕಾಯಿಲ್ ಮುಟ್ಟಿ ಬಂದ ಜ್ಯೂಸಿನಲ್ಲೂ ಆವಿಯಲ್ಲೂ ಸೀಸ, ಕ್ರೋಮಿಯಂ, ನಿಕ್ಕಲ್, ಸತು ಜಾಸ್ತಿ ಸಿಕ್ಕವು. ಹಾಗಿರುವಾಗ ಕೈಯಾರೆ ಸತು ಲೇಪದ ತಂತಿ ಸುಟ್ಟು ಎಳೆದ ನನ್ನನ್ನು ಏನನ್ನಬೇಕೋ.

ಮಾರಾಟಗಾರನಿಗೆ ಬರೆದೆ. ಮೀಟರ್ ಓದಿದ ಫೋಟೊ, ತುಕ್ಕಿನ ಬಟ್ಟೆಯ ಫೋಟೊ ಎರಡನ್ನೂ ಕಳಿಸಿದೆ. ಎರಡು ದಿನ ಬಿಟ್ಟು ಉತ್ತರ ಬಂತು: ‘ನಮ್ಮ ಮಾಲು ನೂರಕ್ಕೆ ನೂರು ಅಸಲಿ ಕಾಂತಲ್. ಬೇಕಿದ್ದರೆ ಮ್ಯಾಗ್ನೆಟ್ ಹಿಡಿದು ನೋಡಿ.’ ಒಂದು ಮೀಟರ್ ಅಳೆದು ಎಷ್ಟು ಓಮ್ ಬರುತ್ತದೆ ಅಂತ ನೀವೇ ಹೇಳಿ ಅಂತ ವಾಪಸ್ ಕೇಳಿದೆ. ಮೂರು ವಾರ ಆಯಿತು, ಇನ್ನೂ ಅಳೆಯುತ್ತಿದ್ದಾನೆ.