ಆನೆಕಿವಿ ಗಿಡವಿರುವ ಮನೆಯವರು ದಯವಿಟ್ಟು ಗಮನಿಸಿ

ಕೋಣೆಯ ಮೂಲೆಯಲ್ಲಿ ಅಂದಕ್ಕೆಂದು ಇಟ್ಟಿದ್ದ ಆನೆಕಿವಿ ಗಿಡದ ದಂಟನ್ನು ಕಳೆದ ತಿಂಗಳು ನಮ್ಮ ನಾಲ್ಕು ವರ್ಷದ ಮಗಳು ಕಚ್ಚಿದಳು. ಅಮೆರಿಕದ ಜಾತ್ರೆಗಳಲ್ಲಿ ಇದೇ ಹೆಸರಿನ ತಿಂಡಿಯೊಂದು ಸಿಗುತ್ತದೆ. ನಾದಿದ ಹಿಟ್ಟನ್ನು ಅಗಲವಾಗಿ ಹಿಗ್ಗಿಸಿ, ಎಣ್ಣೆಯಲ್ಲಿ ಕರಿದು, ಮೇಲೆ ಸಕ್ಕರೆಯನ್ನೂ ದಾಲ್ಚಿನ್ನಿ ಪುಡಿಯನ್ನೂ ಉದುರಿಸುತ್ತಾರೆ. ಅದರ ವಿಡಿಯೋ ನೋಡುತ್ತಿದ್ದ ಮಗುವಿಗೆ ಗಿಡವನ್ನು ತೋರಿಸಿ, "ನೋಡು, ಇದೂ ಆನೆಕಿವಿಯೇ" ಎಂದವಳು ನಾನು. ಆ ಮಾತನ್ನು ಅವಳು ಹೇಗೆ ಅರ್ಥಮಾಡಿಕೊಂಡಾಳು ಎಂದು ಯೋಚಿಸಲಿಲ್ಲ.

ಚೀರಾಟ ಕೇಳಿ ಓಡಿ ಬರುವಷ್ಟರಲ್ಲಿ ಅವಳ ಕೆಳತುಟಿ ಕೆಂಪೇರಿ ಊದತೊಡಗಿತ್ತು. ನುಂಗಲಾಗದೆ ನಾಲಿಗೆಯನ್ನು ಹೊರಚಾಚಿಕೊಂಡು ಅಳುತ್ತಿದ್ದಳು, ಜೊಲ್ಲು ಸುರಿದು ಅಂಗಿಯ ಎದೆಭಾಗವೆಲ್ಲ ತೊಯ್ದಿತ್ತು. ದಂಟಿನ ಮೇಲೆ ಪುಟ್ಟ ಹಲ್ಲುಗಳ ಗುರುತು ಸಾಲಾಗಿ ಮೂಡಿತ್ತು. ಗಾಬರಿಯಲ್ಲಿ ನಾನು ಬೆರಳು ಹಾಕಿ ವಾಂತಿ ಮಾಡಿಸಲು ಹೋದೆ. ಹಾಗೆ ಮಾಡಲೇಬಾರದು, ಉರಿಯುತ್ತಿರುವ ಗಂಟಲಿಗೆ ಮತ್ತೊಮ್ಮೆ ಪೆಟ್ಟಾಗುತ್ತದೆ ಎಂದು ಆಮೇಲೆ ವೈದ್ಯರು ಹೇಳಿದರು. ಬಾಯಲ್ಲಿ ಉಳಿದ ಚೂರುಗಳನ್ನು ಒದ್ದೆ ಬಟ್ಟೆಯಿಂದ ಒರೆಸಿ, ನೀರಿನಿಂದ ಬಾಯಿ ತೊಳೆದು, ನುಂಗಲು ಆಗುವುದಾದರೆ ಮಾತ್ರ ತಣ್ಣನೆಯ ಹಾಲನ್ನು ಗುಟುಕು ಗುಟುಕಾಗಿ ಕೊಡಬೇಕು. ಗಂಟಲು ಊದಿ ಉಸಿರಾಟಕ್ಕೇ ತೊಡಕಾಗುವ ಸಾಧ್ಯತೆ ಇರುವುದರಿಂದ ಆಸ್ಪತ್ರೆಗೆ ಹೋಗಲು ತಡಮಾಡಬಾರದು. ಪುಣ್ಯಕ್ಕೆ ಅವಳ ಬಾವು ಮರುದಿನದ ಹೊತ್ತಿಗೆ ಇಳಿಯಿತು.

ಈ ಗಿಡದ ಎಲೆ, ದಂಟು, ಗೆಡ್ಡೆಗಳಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂತಹ ಹರಳುಗಳು ಕಟ್ಟುಕಟ್ಟಾಗಿ ಇರುತ್ತವೆ. ಅಗಿದೊಡನೆ ಅವು ತುಟಿ, ನಾಲಿಗೆ, ಗಂಟಲುಗಳ ಒಳಪದರಕ್ಕೆ ಚುಚ್ಚಿಕೊಳ್ಳುತ್ತವೆ. ಗಿಡ ಮಾರಿದವರು "ಇದು ಕೆಸುವೇ, ಏನೂ ಆಗುವುದಿಲ್ಲ" ಎಂದಿದ್ದರು. ನನ್ನನ್ನು ಮೈಮರೆಸಿದ್ದು ಆ ಮಾತೇ. ಕೊಲೊಕೇಸಿಯ, ಅಲೊಕೇಸಿಯ, ಕ್ಸಾಂಥೊಸೋಮ, ಕೆಲಾಡಿಯಂ ಎಂಬ ಬೇರೆ ಬೇರೆ ಕುಲದ ಗಿಡಗಳೆಲ್ಲವೂ ಆನೆಕಿವಿ ಎಂಬ ಒಂದೇ ಹೆಸರಿನಲ್ಲಿ ಮಾರಾಟವಾಗುತ್ತವೆ. ಇವುಗಳಲ್ಲಿ ಕೆಲವನ್ನು ಚೆನ್ನಾಗಿ ಬೇಯಿಸಿ ತಿನ್ನುವುದುಂಟು ನಿಜ, ಆದರೆ ತಿನ್ನುವ ಕೆಸುವೂ ಹಸಿಯಾಗಿದ್ದರೆ ಬಾಯಿ ಸುಡುತ್ತದೆ; ಅಂದಕ್ಕೆಂದು ಬೆಳೆಸಿದ ತಳಿಯನ್ನಂತೂ ಬೇಯಿಸಿಯೂ ತಿನ್ನಬಾರದು. ಬೆಕ್ಕು, ನಾಯಿಗಳಿಗೂ ಇದು ಅಷ್ಟೇ ಅಪಾಯಕಾರಿ. ಕತ್ತರಿಸಿದ ದಂಟಿನ ರಸ ಚರ್ಮಕ್ಕೆ ತಾಗಿದರೆ ತುರಿಕೆಯಾಗುತ್ತದೆ, ಕಣ್ಣಿಗೆ ಸಿಡಿದರೆ ವಿಪರೀತ ಉರಿಯುತ್ತದೆ.

ನಮ್ಮ ಗಿಡವನ್ನು ಈಗ ಮಗಳ ಕೈಗೆ ಎಟುಕದ, ಸದಾ ಬಾಗಿಲು ಹಾಕಿರುವ ಬಾಲ್ಕನಿಗೆ ಸಾಗಿಸಿದ್ದೇವೆ. ಒಣಗಿದ ಎಲೆಯನ್ನು ಕತ್ತರಿಸಲು ಹೋಗುವಾಗ ಕೈಗವಸು ಹಾಕಿಕೊಳ್ಳುತ್ತೇನೆ. ಮಗಳ ಎದುರಿಗೆ ಅದನ್ನು ಆನೆಕಿವಿ ಎಂದು ಕರೆಯುವುದನ್ನೂ ಬಿಟ್ಟಿದ್ದೇನೆ.