ಚಂಡಮಾರುತದ ನಂತರದ ನೀರಿಗೆ ಸಾಯರ್ ಬಕೆಟ್ ಫಿಲ್ಟರ್: ಎಲ್ಲಿ ಕೈಹಿಡಿಯುತ್ತದೆ, ಎಲ್ಲಿ ಕೈಕೊಡುತ್ತದೆ

ಗಾಳಿ ನಿಂತ ಮೇಲೆ ಊರನ್ನು ಮೊದಲು ಕಾಡುವುದು ಕುಡಿಯುವ ನೀರು. ಕರೆಂಟ್ ಹೋದರೆ ಪಂಪ್ ನಿಲ್ಲುತ್ತದೆ, ಪಂಪ್ ನಿಂತರೆ ನಲ್ಲಿ ಒಣಗುತ್ತದೆ. 2017ರ ಸೆಪ್ಟೆಂಬರ್ 20ರಂದು ಮರಿಯಾ ಚಂಡಮಾರುತ ಕೆರಿಬಿಯನ್ ದ್ವೀಪ ಪೋರ್ಟೊ ರಿಕೊದ ಆಗ್ನೇಯ ತುದಿಯ ಯಾಬುಕೋವಾ ಬಳಿ ನೆಲ ಮುಟ್ಟಿದಾಗ ಇಡೀ ದ್ವೀಪ ಕತ್ತಲಾಯಿತು. ಬೆಟ್ಟದ ಊರುಗಳ ಜನ ರಸ್ತೆಬದಿಯ ಒರತೆಗೆ ಪೈಪ್ ಸಿಕ್ಕಿಸಿ, ಹೊಳೆಯಿಂದ ತುಂಬಿಸಿ, ಟ್ಯಾಂಕರ್ ಬಂದ ಕಡೆ ಸಾಲು ನಿಂತು ನೀರು ಹೊಂದಿಸಿಕೊಂಡರು. ಸ್ವಯಂಸೇವಕರು ಆಗ ಹಂಚಿದ ಸಾಮಾನುಗಳಲ್ಲಿ ಸಾಯರ್ ಕಂಪನಿಯ ಪಾಯಿಂಟ್ ಒನ್ ಬಕೆಟ್ ಫಿಲ್ಟರ್ ಕೂಡ ಇತ್ತು. ಇದು ಕೊಳ್ಳಬೇಕಾದ ವಸ್ತುವೇ. ಆದರೆ ಇದೊಂದೇ ಸಾಕು ಎಂದುಕೊಂಡು ಕೊಂಡರೆ ಅಪಾಯ.

ಅಂಗೈಯಲ್ಲಿ ಹಿಡಿಸುವ ಪ್ಲಾಸ್ಟಿಕ್ ಗೂಡು. ಒಳಗೆ ಶ್ಯಾವಿಗೆ ಎಳೆಗಳ ಕಂತೆಯಂತೆ ಟೊಳ್ಳು ನಾರುಗಳನ್ನು ಮಡಿಸಿ ತುಂಬಿರುತ್ತಾರೆ. ನೀರು ನಾರಿನ ಗೋಡೆಯ ಸೂಕ್ಷ್ಮ ರಂಧ್ರಗಳ ಮೂಲಕ ಒಳಗಿಳಿದು ಆಚೆ ಬರುತ್ತದೆ. ರಂಧ್ರದ ಅಳತೆ 0.1 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು ಒಂದು ಮೈಕ್ರಾನ್). ಕರೆಂಟ್ ಬೇಡ, ಪಂಪ್ ಬೇಡ, ಬಕೆಟ್ ಎತ್ತರದಲ್ಲಿದ್ದರೆ ಸಾಕು. ಮರಿಯಾದ ನಂತರ ಪೋರ್ಟೊ ರಿಕೊದ ಬೆಟ್ಟದ ಊರಾದ ಉತುವಾಡೊದ ರಿಯೊ ಅಬಾಹೊ ಜನ ಸೇತುವೆ ಕೊಚ್ಚಿಹೋದ ಮೇಲೆ ಹೊಳೆಗೆ ಅಡ್ಡಲಾಗಿ ತಂತಿ ಎಳೆದು, ರಾಟೆಗೆ ಅಂಗಡಿಯ ತಳ್ಳುಬುಟ್ಟಿ ಕಟ್ಟಿ ಸಾಮಾನು ದಾಟಿಸಿದರು. ಕುಡಿಯಲು, ಅಡುಗೆಗೆ ತಲೆಗೆ 3 ಲೀಟರ್ ಅಂದರೂ ಐದು ಜನರ ಮನೆಗೆ ದಿನಕ್ಕೆ 15 ಲೀಟರ್, ಅಂದರೆ 15 ಕಿಲೊ. ಬಾಟಲಿ ನೀರಾದರೆ ಇಷ್ಟು ಭಾರ ಪ್ರತಿದಿನ ಆ ತಂತಿಯ ಮೇಲೆ ಹೋಗಬೇಕು. ಫಿಲ್ಟರ್ ಆದರೆ ಒಂದು ಸಲ ದಾಟಿದರೆ ಆಯಿತು. ದಾರಿ ಕಡಿದುಹೋದ ಊರಿಗೆ ಇದನ್ನು ಶಿಫಾರಸು ಮಾಡಲು ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಜೋಡಣೆ ಸುಲಭ, ಆದರೆ ಅವಸರ ಕೂಡದು. ಕಿಟ್‌ನಲ್ಲಿ ಫಿಲ್ಟರ್, ಕೊಳವೆ, ಅಡಾಪ್ಟರ್, ತೂತು ಕೊರೆಯುವ ಕಟರ್, ತೂಗುಹಾಕುವ ಕೊಕ್ಕೆ, ತೊಳೆಯುವ ಸಿರಿಂಜ್ ಬರುತ್ತವೆ, ಬಕೆಟ್ ನಮ್ಮದು. ಆಹಾರ ತುಂಬಿದ್ದ 5 ಗ್ಯಾಲನ್, ಅಂದರೆ ಸುಮಾರು 19 ಲೀಟರಿನ ಬಕೆಟ್ ಒಳ್ಳೆಯದು. ಪೇಂಟ್, ಗೊಬ್ಬರ, ಕೀಟನಾಶಕದ ಬಕೆಟ್ ಎಷ್ಟು ತೊಳೆದರೂ ಬೇಡ. ತೂತನ್ನು ತಳದಿಂದ ಎರಡು ಬೆರಳು ಮೇಲೆ ಕೊರೆಯಬೇಕು. ಕೆಳಗೆ ಕೊರೆದರೆ ಇಳಿದು ಕೂತ ಕೆಸರು ನೇರ ಫಿಲ್ಟರಿಗೇ ಹೋಗುತ್ತದೆ. ಕಟರನ್ನು ಒತ್ತದೆ ಕೈಯಲ್ಲೇ ನಿಧಾನಕ್ಕೆ ತಿರುಗಿಸಿ. ತೂತಿನ ಅಂಚಿನಲ್ಲಿ ಪ್ಲಾಸ್ಟಿಕ್ ಸಿಬಿರು ಉಳಿದರೆ ವಾಷರ್ ಸರಿಯಾಗಿ ಕೂರುವುದಿಲ್ಲ, ಸೋರುತ್ತದೆ; ಚಾಕುವಿನ ಅಲಗಿನಿಂದ ಹೆರೆದು ನುಣುಪು ಮಾಡಿ. ನಟ್ ಕೈಬಿಗಿ ಸಾಕು. ಇಕ್ಕಳ ಹಾಕಿದರೆ ಪ್ಲಾಸ್ಟಿಕ್ ಮರೆ ಹಾಳಾಗುತ್ತದೆ, ಆ ಹೊತ್ತಿನಲ್ಲಿ ಬಿಡಿಭಾಗ ಎಲ್ಲೂ ಸಿಗುವುದಿಲ್ಲ.

ಮೊದಲ ಸಲ ನೀರು ಬಿಟ್ಟಾಗ ಹನಿಯೂ ಬಾರದಿದ್ದರೆ ಫಿಲ್ಟರ್ ಕೆಟ್ಟಿದೆ ಎಂದು ಎಸೆಯಬೇಡಿ. ಒಳಗೆ ಗಾಳಿ ಸಿಕ್ಕಿಕೊಂಡಿರುತ್ತದೆ. ಫಿಲ್ಟರನ್ನು ನೀರಿನ ಮಟ್ಟಕ್ಕಿಂತ ಕೆಳಗೆ, ಬಾಯಿ ಮೇಲಾಗಿ ಹಿಡಿದು ಬೆರಳಿನಿಂದ ತಟ್ಟಿ. ಗುಳ್ಳೆಗಳು ಹೊರಟ ಮೇಲೆ ಧಾರೆ ಶುರುವಾಗುತ್ತದೆ. ಬಕೆಟ್ ಎತ್ತರ ಏರಿಸಿದಷ್ಟೂ, ಫಿಲ್ಟರ್ ಕೆಳಗಿಳಿದಷ್ಟೂ ಹರಿವು ಹೆಚ್ಚು. ಬೇಡವಾದಾಗ ಫಿಲ್ಟರನ್ನು ಬಕೆಟ್ಟಿನ ಅಂಚಿನ ಕೊಕ್ಕೆಗೆ ಸಿಕ್ಕಿಸಿದರೆ ನೀರು ತಾನಾಗಿ ನಿಲ್ಲುತ್ತದೆ.

ಇನ್ನು ಮುಖ್ಯ ಪ್ರಶ್ನೆ: ಏನನ್ನು ತಡೆಯುತ್ತದೆ, ಏನನ್ನು ಬಿಡುತ್ತದೆ? ಕಾಲರಾ, ಟೈಫಾಯ್ಡ್ ತರುವ ಬ್ಯಾಕ್ಟೀರಿಯಾ, ಭೇದಿ ತರುವ ಪರಾವಲಂಬಿಗಳಾದ ಜಿಯಾರ್ಡಿಯಾ, ಕ್ರಿಪ್ಟೊಸ್ಪೊರಿಡಿಯಂ ಎಲ್ಲವೂ 0.1 ಮೈಕ್ರಾನ್‌ಗಿಂತ ದೊಡ್ಡವು, ನಾರಿನಲ್ಲೇ ನಿಲ್ಲುತ್ತವೆ. ಹೆಪಟೈಟಿಸ್ ಎ, ನೊರೊವೈರಸ್‌ನಂಥ ವೈರಸ್‌ಗಳು 0.03 ಮೈಕ್ರಾನ್ ಆಸುಪಾಸಿನವು, ಸಲೀಸಾಗಿ ನುಸುಳುತ್ತವೆ. ಇಲಿಜ್ವರದ ಲೆಪ್ಟೊಸ್ಪೈರಾ ಇನ್ನೂ ಮೋಸದ್ದು. ಉದ್ದವಿದ್ದರೂ ದಪ್ಪ ಬರೀ 0.1 ಮೈಕ್ರಾನ್, ತಿರುಪಿನಂತೆ ಸುತ್ತಿಕೊಂಡ ದೇಹ. ಪ್ರಯೋಗಾಲಯದ 0.22 ಮೈಕ್ರಾನ್ ಫಿಲ್ಟರನ್ನೇ ದಾಟುವ ಜೀವಿ ಇದು. ಮರಿಯಾದ ನಂತರ ಪೋರ್ಟೊ ರಿಕೊದಲ್ಲಿ ಇಲಿಜ್ವರ ಹೆಚ್ಚಾಗಿತ್ತು, ಆದ್ದರಿಂದ ಈ ವಿಷಯದಲ್ಲಿ ಫಿಲ್ಟರ್ ಒಂದನ್ನೇ ನಂಬಿ ಕೂರುವಂತಿಲ್ಲ.

ಆದ್ದರಿಂದ ಸೋಸಿದ ನೀರಿಗೆ ಬ್ಲೀಚ್, ಅಂದರೆ ಬಟ್ಟೆ ಬಿಳುಪು ಮಾಡುವ ಕ್ಲೋರಿನ್ ದ್ರಾವಣ, ಹಾಕಲೇಬೇಕು. ಕ್ಲೋರಿನ್‌ಗೆ ಬಗ್ಗದ ಕ್ರಿಪ್ಟೊಸ್ಪೊರಿಡಿಯಂ ಫಿಲ್ಟರಿನಲ್ಲಿ ನಿಲ್ಲುತ್ತದೆ. ಫಿಲ್ಟರ್ ದಾಟಿದ ವೈರಸ್ ಮತ್ತು ಲೆಪ್ಟೊಸ್ಪೈರಾ ಕ್ಲೋರಿನ್‌ಗೆ ಸಾಯುತ್ತವೆ. ಕ್ರಮ ತಪ್ಪಬಾರದು, ಮೊದಲು ಸೋಸುವುದು, ಆಮೇಲೆ ಬ್ಲೀಚ್. ಕೆಸರು ನೀರಿಗೆ ಹಾಕಿದರೆ ಕ್ಲೋರಿನ್ ಮಣ್ಣಿನ ಜೊತೆಗೇ ಖರ್ಚಾಗಿಹೋಗುತ್ತದೆ. ಶೇ 6ರ ಬ್ಲೀಚ್ ಆದರೆ ಗ್ಯಾಲನ್‌ಗೆ 8 ಹನಿ, ಶೇ 8.25ರದ್ದಾದರೆ 6 ಹನಿ. 5 ಗ್ಯಾಲನ್ ಬಕೆಟ್ಟಿಗೆ ಕ್ರಮವಾಗಿ 40 ಮತ್ತು 30 ಹನಿ. ಕಲಕಿ 30 ನಿಮಿಷ ಬಿಟ್ಟು ಮೂಸಿ ನೋಡಿ. ಕ್ಲೋರಿನ್ ವಾಸನೆ ತುಸುವಾದರೂ ಇರಬೇಕು. ಇಲ್ಲದಿದ್ದರೆ ಅಷ್ಟೇ ಹನಿ ಮತ್ತೆ ಹಾಕಿ, ಇನ್ನೂ 15 ನಿಮಿಷ ಕಾಯಿರಿ. ಸುವಾಸನೆ ಬೆರೆಸಿದ, ಬಣ್ಣದ ಬಟ್ಟೆಗೆಂದು ಮಾರುವ ಬ್ಲೀಚ್ ಬೇಡ. ಬಿಸಿಲಲ್ಲಿ ಬಿದ್ದಿದ್ದ ಹಳೆಯ ಬಾಟಲಿಯ ಶಕ್ತಿ ಕುಂದಿರುತ್ತದೆ. ಉರುವಲು ಸಾಕಷ್ಟಿದ್ದರೆ ಬ್ಲೀಚ್ ಬದಲು ಒಂದು ನಿಮಿಷ ಕೊತಕೊತ ಕುದಿಸಿದರೂ ಆದೀತು.

ರಾಸಾಯನಿಕ, ಡೀಸೆಲ್, ಉಪ್ಪು ಇವುಗಳಿಗೆ ಫಿಲ್ಟರೂ ಇಲ್ಲ, ಬ್ಲೀಚೂ ಇಲ್ಲ. ಮರಿಯಾದ ನಂತರ ಡೊರಾಡೊದಲ್ಲಿ ಜನ ನೀರು ಹಿಡಿದ ಬಾವಿಗಳು ಕೈಗಾರಿಕಾ ದ್ರಾವಕಗಳಿಂದ ಅಂತರ್ಜಲ ಕೆಟ್ಟ ಪ್ರದೇಶದೊಳಗಿದ್ದವು. ಅಂಥ ನೀರು ಕಣ್ಣಿಗೆ ತಿಳಿಯಾಗಿಯೇ ಕಾಣುತ್ತದೆ, ಸೋಸಿದ ಮೇಲೂ ವಿಷ ಹಾಗೇ ಇರುತ್ತದೆ. ಕಡಲು ಉಕ್ಕಿ ಉಪ್ಪಾದ ಬಾವಿ, ಎಣ್ಣೆಪದರ ಮಿನುಗುವ ನೆರೆನೀರು, ಕಾರ್ಖಾನೆ ಬದಿಯ ಬಾವಿ: ಈ ಮೂರನ್ನೂ ಬಿಟ್ಟು ಬೇರೆ ಮೂಲ ಹುಡುಕಬೇಕು. ಫಿಲ್ಟರ್ ಹಂಚುವವರು ಇದನ್ನು ಕೊಡುವಾಗಲೇ ಹೇಳಬೇಕು. ಎಷ್ಟೋ ಕಡೆ ಹೇಳುವುದಿಲ್ಲ, ಅದು ಬೇಸರದ ಮಾತು.

ಫಿಲ್ಟರಿಗೆ ದೊಡ್ಡ ಶತ್ರು ಜೇಡಿಮಣ್ಣು. 2024ರ ಸೆಪ್ಟೆಂಬರ್ ಕೊನೆಯಲ್ಲಿ ಹೆಲೀನ್ ಚಂಡಮಾರುತ ಅಮೆರಿಕದ ಉತ್ತರ ಕೆರೊಲೈನಾದ ಬೆಟ್ಟಗಳ ಮೇಲೆ ಸುರಿದಾಗ ಆಶ್‌ವಿಲ್ ನಗರದ ನಾರ್ತ್ ಫೋರ್ಕ್ ಜಲಾಶಯ ಕೆಸರಾಯಿತು. ನುಣ್ಣನೆಯ ಕಣಗಳು ತಾವಾಗಿ ಇಳಿಯಲೇ ಇಲ್ಲ. ಅಲ್ಯೂಮಿನಿಯಂ ಸಲ್ಫೇಟ್ ಮತ್ತು ಕಾಸ್ಟಿಕ್ ಸೋಡಾವನ್ನು ಜಲಾಶಯಕ್ಕೇ ಹಾಕಿ ಕಣಗಳನ್ನು ಮುದ್ದೆಗಟ್ಟಿಸಬೇಕಾಯಿತು. ನೀರು ಕುದಿಸಿ ಕುಡಿಯಿರಿ ಎಂಬ ಸೂಚನೆ ಹಿಂತೆಗೆದುಕೊಂಡದ್ದು ನವೆಂಬರ್ 18ಕ್ಕೆ. ಅಂಥ ನೀರನ್ನು ನೇರ ಫಿಲ್ಟರಿಗೆ ಬಿಟ್ಟರೆ ಬೇಗನೆ ಧಾರೆ ಹನಿಗಿಳಿಯುತ್ತದೆ. ಬೇರೊಂದು ಬಕೆಟ್ಟಿನಲ್ಲಿ ರಾತ್ರಿಯಿಡೀ ಅಲುಗಾಡದಂತೆ ಇಟ್ಟು, ಮೇಲಿನ ತಿಳಿಯನ್ನು ನಾಲ್ಕು ಮಡಿಕೆ ಹತ್ತಿಬಟ್ಟೆಯಲ್ಲಿ ಸೋಸಿ ಹುಯ್ಯಿರಿ. ಆಗಲೂ ತಿಳಿಯಾಗದಿದ್ದರೆ ಪಟಿಕದ ತುಂಡನ್ನು ಕೆಲವು ಸುತ್ತು ಆಡಿಸಿ ಬಿಟ್ಟರೆ ಕೆಸರು ತಳ ಸೇರುತ್ತದೆ.

ಹರಿವು ಕಡಿಮೆಯಾದಾಗ ಸಿರಿಂಜಿನಲ್ಲಿ ಸೋಸಿದ ನೀರು ತುಂಬಿ ಫಿಲ್ಟರಿನ ಹೊರಬಾಯಿಯಿಂದ ಹಿಮ್ಮುಖವಾಗಿ ಒತ್ತಬೇಕು. ಜೋರಾಗಿ ಒತ್ತಬೇಕು. ಮೆಲ್ಲಗೆ ಒತ್ತಿದರೆ ನೀರು ಈಗಾಗಲೇ ತೆರೆದಿರುವ ನಾರುಗಳಲ್ಲೇ ಹಾದುಹೋಗಿ, ಕಟ್ಟಿಕೊಂಡವು ಹಾಗೇ ಉಳಿಯುತ್ತವೆ. ಕಂದುನೀರು ಬರುವುದು ನಿಲ್ಲುವವರೆಗೂ ಮತ್ತೆ ಮತ್ತೆ. ಹೊಳೆಯ ನೀರನ್ನೇ ಸಿರಿಂಜಿಗೆ ತುಂಬಿದರೆ ಶುದ್ಧ ಬದಿಗೇ ರೋಗಾಣು ಸೇರಿಸಿದಂತೆ. ಹೊಂಡುರಾಸ್‌ನ ಮನೆಗಳಲ್ಲಿ 23 ತಿಂಗಳು ಬಳಸಿದ ಇಂಥ ಫಿಲ್ಟರ್‌ಗಳನ್ನು ಬಿಚ್ಚಿ ನೋಡಿದ 2015ರ ಅಧ್ಯಯನಕ್ಕೆ ನಾರುಗಳ ಮೇಲೆ ಪದರ ಕಟ್ಟಿರುವುದು ಕಂಡಿತ್ತು. ಹಾಗಾಗಿ ಡಬ್ಬಿಯ ಮೇಲಿನ ಲಕ್ಷಾಂತರ ಗ್ಯಾಲನ್ ಬಾಳಿಕೆಯ ಮಾತಿಗಿಂತ, ತೊಳೆಯುವ ಕೈ ಯಾವುದು ಎಂಬುದನ್ನು ನಾವು ಹೆಚ್ಚು ನೋಡುತ್ತೇವೆ. ನಾಲ್ಕೈದು ಮನೆಗೆ ಒಂದು ಫಿಲ್ಟರ್ ಕೊಟ್ಟು ಒಬ್ಬರಿಗೆ ಸರಿಯಾಗಿ ಕಲಿಸಿ, ಸಿರಿಂಜನ್ನು ಅವರ ವಶಕ್ಕೇ ಕೊಡಿ. ಎಲ್ಲರ ವಸ್ತುವಾದರೆ ಮೊದಲು ಕಳೆಯುವುದೇ ಸಿರಿಂಜ್. ಆಮೇಲೆ ಆ ಫಿಲ್ಟರ್ ಹೆಚ್ಚು ದಿನ ನಡೆಯುವುದಿಲ್ಲ.

ಅದಕ್ಕಿಂತ ಸಾಮಾನ್ಯ ತಪ್ಪು ಬಕೆಟ್ ಅದಲುಬದಲಾಗುವುದು. ಕೆಸರಿನದು, ಫಿಲ್ಟರಿನದು, ಕುಡಿಯುವುದು ಎಂದು ಮೂರು ಬಕೆಟ್ ಇರಲಿ, ಮೂರಕ್ಕೂ ಬೇರೆ ಬಣ್ಣದ ಟೇಪ್ ಸುತ್ತಿ. ಕುಡಿಯುವ ನೀರಿನದಕ್ಕೆ ಮುಚ್ಚಳ, ನಲ್ಲಿ ಎರಡೂ ಬೇಕು. ಲೋಟ ಅದ್ದಿದರೆ ಮಾಡಿದ್ದೆಲ್ಲ ನೀರಪಾಲು. ಫಿಲ್ಟರಿನ ಹೊರಬಾಯಿಗೆ ಬೆರಳು ತಾಗಬಾರದು, ಅದು ಕೆಳಗಿನ ನೀರಿನಲ್ಲಿ ಮುಳುಗಲೂಬಾರದು.

ಚಳಿಯ ಊರಿನವರಿಗೆ ಒಂದು ಮಾತು: ಒಮ್ಮೆ ಒದ್ದೆಯಾದ ಫಿಲ್ಟರ್ ಹೆಪ್ಪುಗಟ್ಟಿದರೆ ನಾರು ಸೀಳುತ್ತದೆ. ಹೊರಗಿನಿಂದ ಗೊತ್ತಾಗುವುದಿಲ್ಲ, ನೀರು ಮೊದಲಿಗಿಂತ ಚೆನ್ನಾಗಿ ಬರುತ್ತಿದೆ ಅನ್ನಿಸಲೂಬಹುದು. ಅನುಮಾನ ಬಂದರೆ ಎಸೆಯಿರಿ. ರಾತ್ರಿ ಹೊದಿಕೆಯೊಳಗೆ ಇಟ್ಟುಕೊಂಡು ಮಲಗುವುದು ಸುಲಭದ ದಾರಿ.

ಅಟ್ಲಾಂಟಿಕ್‌ನಲ್ಲಿ ಜೂನ್ 1ರಿಂದ ನವೆಂಬರ್ 30 ಚಂಡಮಾರುತದ ಕಾಲ. ಅದು ಮುಗಿದ ಮೇಲೆ ಫಿಲ್ಟರನ್ನು ಹಿಮ್ಮುಖ ತೊಳೆದು, ಬ್ಲೀಚ್ ಬೆರೆಸಿದ ಶುದ್ಧ ನೀರು ಹಾಯಿಸಿ, ಪೂರ್ತಿ ಒಣಗಿಸಿ ಎತ್ತಿಡಿ. ಮುಂದಿನ ಮೇ ತಿಂಗಳಲ್ಲಿ ಹೊರತೆಗೆದಾಗ ನೀರು ಬಾರದಿದ್ದರೆ ಉಗುರುಬೆಚ್ಚನೆ ನೀರಿನಲ್ಲಿ ಅರ್ಧ ಗಂಟೆ ನೆನೆಸಿ ಮತ್ತೆ ಒತ್ತಿ. ಗಡಸು ನೀರಿನ ಬಿಳಿ ಪದರವಾದರೆ ಬಿಳಿ ವಿನೆಗರ್‌ನಲ್ಲಿ ಅಷ್ಟೇ ಹೊತ್ತು. ವಾಷರ್ ಬಿರುಕು ಬಿಟ್ಟಿದೆಯೇ ನೋಡಿ, ಇನ್ನೊಂದು ಸಿರಿಂಜ್ ಕೊಂಡು ಅದೇ ಬಕೆಟ್ಟಿನೊಳಗೆ ಹಾಕಿಡಿ.